ಪಾತ್ರೆಯ ಕೆಳಗಿನ ಚಕ್ರ

ಮೊನ್ನೆ ಸೊಸೆ ಅಡುಗೆಮನೆಯ ಕಟ್ಟೆಗೆ ಹೊಸ ಕಲ್ಲು ಹಾಸಿಸಿದಳು. ಕನ್ನಡಿಯಂಥ ಕಲ್ಲು. ಅದರ ಮೇಲೆ ನನ್ನ ಮುಖ ನನಗೇ ಕಾಣುತ್ತದೆ. ಈ ವಯಸ್ಸಿನಲ್ಲಿ ಅದೇನೂ ದೊಡ್ಡ ಉಪಕಾರವಲ್ಲ. ಆ ಸಂಭ್ರಮದಲ್ಲಿ ಅವಳು ಹಳೆಯ ಸಾಮಾನುಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಗುಜರಿಯವನಿಗೆಂದು ಬಾಗಿಲ ಹಿಂದೆ ಇಟ್ಟಿದ್ದಳು. ಅನ್ನ ಬಸಿದು ಪಾತ್ರೆ ಇಳಿಸಲು ಹೋದ ನನ್ನ ಕೈ ಗಾಳಿಯಲ್ಲೇ ನಿಂತಿತು. ಇಳಿಸುವ ಜಾಗದಲ್ಲಿ ಇರಬೇಕಾದದ್ದು ಇರಲಿಲ್ಲ.

“ಆ ಕಬ್ಬಿಣದ ಸಿಂಬಿ ಹುಡುಕ್ತೀರೇನತ್ತೀ? ಚೀಲದಾಗ ಹಾಕೀನಿ. ಹಲ್ಲು ಕಲ್ಲಿಗೆ ಗೀರು ಬೀಳಿಸ್ತಾವು,” ಎಂದಳು.

ಬಿಸಿ ಪಾತ್ರೆಯನ್ನು ಒಲೆಯ ಮೇಲೇ ವಾಪಸಿಟ್ಟು ಹೋಗಿ ಚೀಲಕ್ಕೆ ಕೈ ಹಾಕಿದೆ. ತೂತು ಬಿದ್ದ ಜರಡಿ, ಹಿಡಿಕೆ ಇಲ್ಲದ ಸೌಟು, ಇವುಗಳ ಕೆಳಗೆ ಅದು ಸಿಕ್ಕಿತು. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು, ನಡುವೆ ಖಾಲಿ, ಸುತ್ತ ಹಲ್ಲು. ಒಂದು ಕಾಲಕ್ಕೆ ಬೆಳ್ಳಿಯಂತೆ ಹೊಳೆಯುತ್ತಿತ್ತು; ಈಗ ಹೊಗೆ, ಗಂಜಿ, ಎಣ್ಣೆ ಕುಡಿದು ಕರ್ರಗಾಗಿದೆ. ನೀವು ಎಂದಾದರೂ ನಮ್ಮ ಮನೆಗೆ ಬಂದಿದ್ದರೆ ಅದರ ಮೇಲೆ ಇಳಿಸಿಟ್ಟ ಅನ್ನವನ್ನೇ ಉಂಡು ಹೋಗಿರುತ್ತೀರಿ. ಅದೇನೆಂದು ನೀವು ಕೇಳಿರಲಾರಿರಿ. ಹಸಿದವರು ಪಾತ್ರೆಯೊಳಗೆ ನೋಡುತ್ತಾರೆ, ಕೆಳಗಲ್ಲ.

ಅದು ನನ್ನ ಅಣ್ಣನ ರೇಸ್ ಸೈಕಲ್ಲಿನದು. ಪೆಡಲ್ ಇರುವಲ್ಲಿ ಚೈನು ಹಾಯುತ್ತದಲ್ಲ, ಆ ಚಕ್ರ.

ನಾವು ಆಗ ಕುರುಗೋಡಿನಲ್ಲಿದ್ದೆವು. ಅಪ್ಪ ಇರಲಿಲ್ಲ. ಅವ್ವ ಎರಡು ಎಮ್ಮೆಗಳ ಹೈನದ ಮೇಲೆ ನನ್ನನ್ನೂ ಅಣ್ಣ ಸಿದ್ಧಣ್ಣನನ್ನೂ ಬೆಳೆಸಿದಳು. ಅಣ್ಣ ಬಳ್ಳಾರಿಯ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮೊದಲು ತಂದದ್ದು ಅವ್ವನಿಗೆ ಸೀರೆ, ಎರಡನೆಯದು ಈ ಸೈಕಲ್ಲು. ಡ್ಯಾಮಿನ ಕೆಲಸಕ್ಕೆ ಬಂದಿದ್ದ ಯಾವನೋ ಇಂಜಿನಿಯರ್ ಬಿಟ್ಟುಹೋದದ್ದಂತೆ. ತೆಳ್ಳನೆಯ ಟೈರು, ಕೆಳಕ್ಕೆ ಬಾಗಿದ ಹ್ಯಾಂಡಲ್ಲು, ಹಿಂದೆ ಐದು ಹಲ್ಲುಚಕ್ರಗಳು, ಮುಂದೆ ಎರಡು. ಓಣಿಯ ಮಂದಿ ಬಂದು ನೋಡಿದರು. “ಸಿದ್ದಾ, ಇದಕ್ಯಾಕಲೇ ಟಗರಿನ ಕೋಡು?” ಎಂದು ಒಬ್ಬರು. “ಇದರ ಮ್ಯಾಲೆ ಕೂತ್ರ ಊರು ಕಾಣಂಗಿಲ್ಲ, ಬರೀ ನೆಲ ಕಾಣ್ತೈತಿ,” ಎಂದು ಇನ್ನೊಬ್ಬರು. ಅಣ್ಣ ನಕ್ಕು ಹತ್ತಿ ಹೊರಟರೆ ಮುಂದಿನ ಮಾತು ಅವನಿಗೆ ತಲುಪುತ್ತಿರಲಿಲ್ಲ. ಅಷ್ಟು ವೇಗ. ಮುಂದಿನ ದೊಡ್ಡ ಚಕ್ರಕ್ಕೆ ಚೈನು ಏರಿಸಿದನೆಂದರೆ ಒಂದು ತುಳಿತಕ್ಕೆ ಅರ್ಧ ಓಣಿ ದಾಟುತ್ತಿದ್ದ. ತುಳಿಯಲು ಭಾರ, ಆದರೆ ಹಾರಿದಂತೆ ಹೋಗುವುದು. ಸಣ್ಣ ಚಕ್ರಕ್ಕೆ ಇಳಿಸಿದರೆ ಕಾಲಿಗೆ ಹಗುರ, ನಡಿಗೆ ನಿಧಾನ. ಅಣ್ಣ ಸಣ್ಣದನ್ನು ಮುಟ್ಟಿದ್ದನ್ನು ನಾನು ಕಂಡಿಲ್ಲ. ಜಿಲ್ಲೆಯ ಪಂದ್ಯಗಳಲ್ಲಿ ಗೆದ್ದು ತಂದ ಸ್ಟೀಲಿನ ಲೋಟಗಳಲ್ಲಿ ನಾವು ಮಜ್ಜಿಗೆ ಕುಡಿಯುತ್ತಿದ್ದೆವು.

ಆಮೇಲೆ ಅವನಿಗೆ ದಮ್ಮು ಹತ್ತತೊಡಗಿತು. ಚಿಕ್ಕಂದಿನಲ್ಲಿ ಬಂದಿದ್ದ ಕೀಲುಜ್ವರ ಎದೆಯೊಳಗೆ ಕೂತಿತ್ತಂತೆ. ಬಳ್ಳಾರಿಯ ಡಾಕ್ಟರು ಕಿವಿಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿ, ಎದೆಯ ಒಂದು ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಎಂದರು. “ಬಾಗಿಲಾ ಮುಚ್ಚವಲ್ದು ಅಂದ್ರ ಬಡಿಗ್ಯಾರನ್ನ ಕರೀಬೇಕೇನ್ರೀ ಸಾಹೇಬ್ರ?” ಎಂದು ಅವ್ವ ಕೇಳಿದಳು. ತಮಾಷೆಗಲ್ಲ; ಪಾಪ, ನಿಜವಾಗಿಯೇ ಕೇಳಿದಳು. ಡಾಕ್ಟರು ನಗಲಿಲ್ಲ. ನಡೆಯಬಹುದು, ಕೂತು ಕೆಲಸ ಮಾಡಬಹುದು, ಆದರೆ ಸೈಕಲ್ ಓಡಿಸಿ ಎದೆ ಬಡಿದುಕೊಳ್ಳುವಂತೆ ಮಾಡಿದರೆ ಒಂದು ದಿನ ದಾರಿಯಲ್ಲೇ ಬೀಳುತ್ತಾನೆ ಎಂದರು.

ಬಿದ್ದೂ ಬಿದ್ದ. ಒಂದು ಬೆಳಗ್ಗೆ ನಾವು ಎಮ್ಮೆ ಹಿಂಡುತ್ತಿದ್ದಾಗ ಸದ್ದಿಲ್ಲದೆ ಸೈಕಲ್ಲು ತೆಗೆದುಕೊಂಡು ಹೋಗಿದ್ದವನನ್ನು ಯಾರೋ ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವ್ವ ಅಳಲಿಲ್ಲ. ಸೈಕಲ್ಲನ್ನು ಕೊಟ್ಟಿಗೆಗೆ ಒಯ್ದು, ಎಮ್ಮೆಯ ಪಕ್ಕದ ಗೂಟಕ್ಕೆ ಸರಪಳಿ ಹಾಕಿ ಕಟ್ಟಿದಳು. “ಇದು ಮನಿಯಾಗ ಇರೂತನಕ ಇಂವ ಉಳಿಯಂಗಿಲ್ಲ. ಯಾರಿಗರ ಕೊಟ್ಟುಬಿಡ್ರಿ,” ಎಂದಳು. ಎಮ್ಮೆ ಅದರ ಚರ್ಮದ ಸೀಟನ್ನು ನೆಕ್ಕಿ ನೆಕ್ಕಿ ನಾಲಗೆಯ ಗುರುತು ಮಾಡಿತು.

ಕೊಡಬೇಕೆಂದರೆ ಕೊಳ್ಳುವವರು ಬೇಕಲ್ಲ. ನಮ್ಮ ಕಡೆ ಸೈಕಲ್ಲು ಕೊಳ್ಳಲು ಬಂದವರು ಅದನ್ನು ಹತ್ತಿ ನೋಡುವುದಿಲ್ಲ, ಹೇರಿ ನೋಡುತ್ತಾರೆ. ಹಾಲಿನವನೊಬ್ಬ ಎರಡು ಕ್ಯಾನು ತಂದು ತೂಗಹಾಕಲು ಜಾಗ ಹುಡುಕಿದ, ಸಿಗಲಿಲ್ಲ. ಇನ್ನೊಬ್ಬ ಭತ್ತದ ಚೀಲವನ್ನೇ ಹೊತ್ತು ಬಂದಿದ್ದ. ಕ್ಯಾರಿಯರ್ ಇಲ್ಲದ್ದನ್ನು ಕಂಡು ಚೀಲವನ್ನು ಇಳಿಸದೆ ಹಾಗೆಯೇ ತಿರುಗಿ ಹೋದ. ಅವ್ವ ದಿನವೂ ಕೊಟ್ಟಿಗೆಯ ಸರಪಳಿ ಎಳೆದು ನೋಡುವಳು. ಅಣ್ಣ ದಿನವೂ ಕೊಟ್ಟಿಗೆಯ ಬಾಗಿಲಲ್ಲಿ ಸುಮ್ಮನೆ ನಿಲ್ಲುವನು. ಇಬ್ಬರ ನಡುವೆ ನಾನು ಸೆಗಣಿ ಬಳಿಯುವ ನೆಪದಲ್ಲಿ ಕಾವಲು.

ಬ್ರೂಸ್‌ಪೇಟೆಯ ಒಂದು ಸಂದಿಯಲ್ಲಿ ಖಾಸಿಂ ಸಾಬರ ಸೈಕಲ್ ಅಂಗಡಿಯಿತ್ತು. ಅಣ್ಣನಿಗೆ ಈ ಸೈಕಲ್ಲು ಕೊಡಿಸಿದವರು ಅವರೇ. ಸುದ್ದಿ ಕೇಳಿ ಹೇಳಿಕಳಿಸಿದರು: “ಗೇರು ತಗದು ಸಾದಾ ಗಾಡಿ ಮಾಡಬೇಕು ಬೇಟಾ. ನಮ್ಮ ಮಂದಿಗೆ ಗೇರು ಅಂದ್ರ ಲಾರಿಗೆ ಇರೋದು.” ಸೈಕಲ್ಲು ಬಸ್ಸಿನ ಮೇಲೆ, ನಾವಿಬ್ಬರು ಬಸ್ಸಿನೊಳಗೆ ಬಳ್ಳಾರಿಗೆ ಹೋದೆವು. ನನ್ನನ್ನು ಅವ್ವ ಜೊತೆಗೆ ಕಳಿಸಿದ್ದು ಅವನು ವಾಪಸು ಬರುವಾಗ ಹತ್ತದಂತೆ ನೋಡಿಕೊಳ್ಳಲು. ಮದುವೆಗೆ ಬಂದ ಮಗಳನ್ನು ಸೈಕಲ್ ಅಂಗಡಿಯಲ್ಲಿ ದಿನವಿಡೀ ಕೂರಿಸುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅವ್ವನ ಹೆದರಿಕೆ ಎಷ್ಟಿತ್ತೆಂದು ನೀವೇ ಊಹಿಸಿ.

ಖಾಸಿಂ ಸಾಬರು ಪಾನಾ ಕೈಗೆತ್ತಿಕೊಂಡರೆ ಅಣ್ಣ ತಡೆದ. “ನನ್ನ ಗಾಡಿಗೆ ನಾನ ಕೈ ಹಚ್ತೀನಿ ಚಾಚಾ.” ಸೀಮೆಎಣ್ಣೆಯ ಡಬ್ಬಿಯಲ್ಲಿ ಚೈನು ಮುಳುಗಿತು. ಹಿಂದಿನ ಐದು ಚಕ್ರಗಳ ಗೊಂಚಲು ಕಳಚಿ ಬಂದಿತು, ಅದರ ಜಾಗಕ್ಕೆ ಒಂದೇ ಚಕ್ರದ ಸಾದಾ ಫ್ರೀವೀಲು ಕೂತಿತು. ಗೇರಿನ ತಂತಿ, ಸನ್ನೆಕೋಲು, ಟಗರಿನ ಕೋಡು ಎಲ್ಲ ಹೋದವು. ನೆಟ್ಟನೆಯ ಹ್ಯಾಂಡಲ್ಲು, ಮಡ್ಗಾರ್ಡು, ಗಟ್ಟಿ ಕ್ಯಾರಿಯರ್, ಗಂಟೆ ಬಂದವು. ನನಗೆ ಅದು ಮದುವೆಗೆ ಒಪ್ಪಿಸಲು ತಲೆ ಬಾಚಿ ಕೂರಿಸಿದ ಹುಡುಗನಂತೆ ಕಂಡಿತು. ಕೊನೆಗೆ ಮುಂದಿನ ಎರಡು ಚಕ್ರಗಳು ಉಳಿದವು. ಒಂದೇ ಇರಬೇಕು.

“ಸಣ್ಣದು ಬಿಡು, ದೊಡ್ಡದು ತಗಿ,” ಎಂದರು ಖಾಸಿಂ ಸಾಬರು.

ಅಣ್ಣ ಸಣ್ಣದನ್ನು ತೆಗೆದ, ದೊಡ್ಡದನ್ನು ಬಿಟ್ಟ. “ಇದರಾಗ ನಂದು ಅಂತ ಒಂದರ ಇರಲಿ.”

ಸಾಬರು ಸಣ್ಣದನ್ನು ಎತ್ತಿಟ್ಟರು. ಒಬ್ಬ ಗಿರಾಕಿಯನ್ನೂ ಅವರೇ ಗೊತ್ತು ಮಾಡಿದರು. ಸಿರುಗುಪ್ಪದ ಆಚೆ ಕರೂರಿನವನು, ಹನುಮಂತಪ್ಪನೆಂದು, ಕಾಲುವೆಯಿಂದ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರಗಂಟಿ. ಅವನ ಹಳೆಯ ಸೈಕಲ್ಲು ತುಕ್ಕು ಹಿಡಿದು ಮುರಿದಿತ್ತು. ಅವನದೂ ಒಂದು ಷರತ್ತು: ತನ್ನ ಕಾಲುವೆಯ ಏರಿಯ ಮೇಲೆ ಓಡಿಸಿ ನೋಡದೆ ಕೊಳ್ಳುವುದಿಲ್ಲ. ಹಾಗಾಗಿ ಸೈಕಲ್ಲು ಮತ್ತೆ ಬಸ್ಸು ಹತ್ತಿತು, ನಾವೂ ಹತ್ತಿದೆವು. ಅದು ತನ್ನ ಕಾಲದಲ್ಲಿ ಬಸ್ಸುಗಳನ್ನು ಹಿಂದೆ ಹಾಕಿದ ಸೈಕಲ್ಲು.

ಕರೂರಿನ ಸುತ್ತ ಎತ್ತ ನೋಡಿದರೂ ಭತ್ತ. ಗದ್ದೆಗಳ ನಡುವೆ ಏರಿ, ಏರಿಯ ಮೇಲೆ ಹಿಂದಿನ ದಿನದ ಮಳೆಗೆ ಮೆತ್ತಗಾದ ಕರಿಮಣ್ಣು. ಹನುಮಂತಪ್ಪ ಐವತ್ತು ದಾಟಿದ ಮನುಷ್ಯ, ಕಡ್ಡಿಯಂಥ ಕಾಲು. ಕ್ಯಾರಿಯರಿಗೆ ಸಲಿಕೆ ಕಟ್ಟಿ, ಹ್ಯಾಂಡಲಿಗೆ ಕಂದೀಲು ತೂಗುಹಾಕಿ, ಪಂಚೆ ಎತ್ತಿ ಕಟ್ಟಿ ಹತ್ತಿದ. ದೊಡ್ಡ ಚಕ್ರ ಒಮ್ಮೆ ತಿರುಗಿತು, ಎರಡು ಸಲ ತಿರುಗಿತು. ಅವನು ಎದ್ದು ನಿಂತು ತುಳಿದ. ಮೊದಲ ತೂಬಿನ ಹತ್ತಿರ ಇಳಿದು, ಹ್ಯಾಂಡಲಿಗೆ ಎದೆ ಒರಗಿಸಿ ನಿಂತುಬಿಟ್ಟ. ನಾವು ಹತ್ತಿರ ಹೋದಾಗಲೂ ಅವನಿಗೆ ಉಸಿರು ತಿರುಗಿರಲಿಲ್ಲ.

“ಗಾಡಿ ಭಾರೀ ಐತ್ರೀ,” ಎಂದ ತಡೆದು ತಡೆದು. “ಖರೇ ಅಂದ್ರ, ಗಾಡಿ ಚಲೋ ಐತಿ. ನನ್ನ ಎದಿ ಸಾಲಂಗಿಲ್ಲ.”

ನಾನು ಅಣ್ಣನ ಕಡೆ ನೋಡಿದೆ. ಅವನು ಸೈಕಲ್ಲನ್ನು ನೋಡುತ್ತಿರಲಿಲ್ಲ. ಹನುಮಂತಪ್ಪನ ಅಂಗಿಯೊಳಗೆ ಏರಿ ಇಳಿಯುತ್ತಿದ್ದ ಎದೆಯನ್ನೇ ನೋಡುತ್ತಿದ್ದ. ಅವನ ಕೈ ತನ್ನ ಎದೆಯ ಮೇಲೆ ಬಂದು ಕೂತಿತ್ತು. “ಕಾಕಾ, ಕುಂದರ್ರಿ ಮೊದಲ. ನೀರು ಕುಡೀರಿ,” ಎಂದ. ಆಮೇಲೆ, “ಗಾಡಿ ನಿಮಗ ಬರ್ತೈತಿ. ಇನ್ನೊಂದೀಟು ಕೆಲಸ ಐತಿ, ಮುಗಿಸಿ ಕಳಸ್ತೀನಿ,” ಎಂದ. ಬಸ್ಸಿನ ಹೊತ್ತಾಗುವವರೆಗೂ ಅಣ್ಣ ಆ ಏರಿಯ ಮೇಲೆ ಹಿಂದೆ ಮುಂದೆ ನಡೆದು, ಮಣ್ಣನ್ನು ಕಾಲಿನಿಂದ ಒತ್ತಿ ಒತ್ತಿ ನೋಡಿದ.

ಮರುದಿನ ಬ್ರೂಸ್‌ಪೇಟೆಯಲ್ಲಿ, “ಸಣ್ಣದು ಕೊಡ್ರಿ ಚಾಚಾ,” ಎಂದು ಕೈ ಚಾಚಿದ. ಖಾಸಿಂ ಸಾಬರು ಅದನ್ನು ಒರೆಸಿ, ಕೈಗೆ ಸಿಗುವಂತೆ ಗೂಡಿನಲ್ಲೇ ಇಟ್ಟಿದ್ದರು. ಬಿಚ್ಚಿದ ದೊಡ್ಡ ಚಕ್ರವನ್ನು ಅಣ್ಣ ನನ್ನ ಮಡಿಲಿಗೆ ಹಾಕಿದ. “ತಂಗೀ, ಹಿಡಕೋ,” ಎಂದಷ್ಟೇ ಹೇಳಿದ. ಸೀರೆಗೆ ಆದ ಮಸಿ ಹೋಗಲೇ ಇಲ್ಲ.

ಆ ಸಂಜೆ ನಮ್ಮ ಅಂಗಳದಲ್ಲಿ ಅವನು ಸೈಕಲ್ಲು ಹತ್ತಿ ಒಂದು ಸುತ್ತು ಬಂದ. ಅವ್ವ ಹಾಲಿನ ತಂಬಿಗೆ ಹಿಡಿದು ಓಡಿ ಬಂದವಳು ಹಾಗೇ ನಿಂತಳು. ಕಾಲು ಗಿರಗಿರ ತಿರುಗುತ್ತಿದ್ದವು, ಸೈಕಲ್ಲು ಮಾತ್ರ ಬಸುರಿ ಎಮ್ಮೆಯಂತೆ ಸಾಗುತ್ತಿತ್ತು. ಅಣ್ಣನ ಮುಖದಲ್ಲಿ ಬೆವರಿಲ್ಲ, ದಮ್ಮಿಲ್ಲ. ಅವ್ವ ತಂಬಿಗೆ ಕೆಳಗಿಟ್ಟಳು.

“ಹಿಂಗ ಹೋಗೂದಾದ್ರ ಇರಲಿ ಬಿಡೋ ಸಿದ್ದಾ. ಯಾಕ ಕೊಡ್ತಿ? ನಿನ್ನ ಜೀವ ಅದರಾಗ ಐತಿ ಅಂತ ನನಗೇನು ಗೊತ್ತಿಲ್ಲೇನು?”

ಅಣ್ಣ ಇಳಿದ. ಇಳಿದು ಬಹಳ ಹೊತ್ತು ಗಂಟೆಯ ಮೇಲೆ ಬೆರಳಾಡಿಸುತ್ತ ನಿಂತ. ಆ ಗಳಿಗೆಯಲ್ಲಿ ಅವನು ಹೂಂ ಅಂದಿದ್ದರೆ ನಾವು ಮೂವರೂ ಖುಷಿಯಿಂದ ಉಣ್ಣುತ್ತಿದ್ದೆವು.

“ಬ್ಯಾಡವ್ವಾ. ಇವತ್ತು ಮೆಲ್ಲಕ ಹೊಡೀತೀನಿ. ನಾಳೆ ಆ ದೊಡ್ಡ ಚಕ್ರ ಕೈಗೆ ಸಿಕ್ತಂದ್ರ ನನ್ನ ಮ್ಯಾಲೆ ನನಗ ನಂಬಿಕಿಲ್ಲ. ಇದು ಈಗ ಆ ಕಾಕಾನ ಕಾಲಿಗೆ ಕೂಡಿಸಿದ ಗಾಡಿ. ಅಂವಗ ಹೋಗಲಿ.”

ಬೆಳಗ್ಗೆ ಸಿರುಗುಪ್ಪದ ಬಸ್ಸಿಗೆ ಅದನ್ನು ಹೇರಬೇಕಿತ್ತು, ಹನುಮಂತಪ್ಪ ಆ ಕಡೆ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುವುದೆಂದು ಮಾತಾಗಿತ್ತು. ಬಸ್ಸು ನಿಲ್ಲುವ ಜಾಗದವರೆಗೆ ತಾನೇ ಓಡಿಸುತ್ತೇನೆಂದ ಅಣ್ಣ. ಅವ್ವ ನನ್ನ ರಟ್ಟೆ ಹಿಡಿದು ಕ್ಯಾರಿಯರಿನ ಮೇಲೆ ಕೂರಿಸಿದಳು. “ಇಕಿ ಹಿಂದಿದ್ರ ನೀ ಹಾರಂಗಿಲ್ಲ.” ನನ್ನ ಮೈಕಟ್ಟು ಅಂದಿಗೂ ಧಾರಾಳವಾಗಿಯೇ ಇತ್ತು, ಬ್ರೇಕಾಗಿ ನನ್ನನ್ನು ಆರಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅಣ್ಣನ ಸೈಕಲ್ಲಿನಲ್ಲಿ ನಾನು ಕೂತದ್ದು ಅದೇ ಮೊದಲು. ಕುರುಗೋಡಿನ ಬಂಡೆಗುಡ್ಡಗಳ ಮೇಲೆ ಬಿಸಿಲು ಆಗಷ್ಟೇ ಇಳಿಯುತ್ತಿತ್ತು. ನೀರು ಹೊತ್ತು ಬರುವ ಹೆಂಗಸರು ನಮ್ಮನ್ನು ದಾಟಿ ಮುಂದೆ ಹೋದರು, ಅಷ್ಟು ನಿಧಾನ. ಊರ ಹೊರಗೆ ಅಣ್ಣ ಕಾಲು ಊರಿ ನಿಲ್ಲಿಸಿದ.

“ತಂಗೀ, ಈ ಬೇವಿನ ಗಿಡ ಇಲ್ಲೇ ಇತ್ತೇನು?”

“ನಾವು ಹುಟ್ಟೋಕ ಮೊದಲಿಂದ ಐತಣ್ಣಾ.”

“ಹೌದಾ?” ಎಂದ. “ನಾ ನೋಡೇ ಇಲ್ಲ.” ಮತ್ತೆ ತುಳಿಯತೊಡಗಿದ.

ಬಸ್ಸಿನ ಮೇಲೆ ಸೈಕಲ್ಲು ಕಟ್ಟಿಸಿ, ಅದು ತಿರುವಿನಲ್ಲಿ ಮರೆಯಾದ ಮೇಲೆ ನಡೆದು ಬಂದೆವು. ಬರುವಾಗ ಅವನು ಆ ಬೇವಿನ ಕೆಳಗೆ ಕೂತ. ನಾನೂ ಕೂತೆ. ಅವನು ಅತ್ತನೆಂದು ಹೇಳಿದರೆ ಸುಳ್ಳಾಗುತ್ತದೆ. ಬೇವಿನ ಕಾಯಿಗಳನ್ನು ಆರಿಸಿ ಒಂದೊಂದೇ ದೂರ ಎಸೆಯುತ್ತ ಕೂತಿದ್ದ, ಅಷ್ಟೇ.

ದೊಡ್ಡ ಚಕ್ರವನ್ನು ಅವ್ವ ಅವನ ಕಣ್ಣಿಗೆ ಬೀಳದ ಕಡೆ ಇಡಬೇಕೆಂದು ಯೋಚಿಸಿ, ಅನ್ನದ ಪಾತ್ರೆಯ ಕೆಳಗೆ ಇಟ್ಟಳು. ಅಡುಗೆಮನೆಗೆ ಅವನು ಬರುತ್ತಿರಲಿಲ್ಲ. ಅವನು ಆಮೇಲೆ ಹಲವು ವರ್ಷ ಬದುಕಿದ. ಬಸ್ಸು ನಿಲ್ಲುವಲ್ಲಿ ಕೂತು ಸ್ಟೌವು, ಕಂದೀಲು ರಿಪೇರಿ ಮಾಡುತ್ತ, ನನ್ನ ಮದುವೆ ಮಾಡಿ, ನನ್ನ ಇಬ್ಬರು ಮಕ್ಕಳನ್ನು ಹೆಗಲ ಮೇಲಲ್ಲದಿದ್ದರೂ ತೊಡೆಯ ಮೇಲೆ ಆಡಿಸಿ, ಒಂದು ಮಧ್ಯಾಹ್ನ ಮಲಗಿದಲ್ಲೇ ಹೋದ. ಡಾಕ್ಟರು ಹೇಳಿದಂತೆ ಮತ್ತೆಂದೂ ದಾರಿಯಲ್ಲಿ ಬೀಳಲಿಲ್ಲ. ಅವ್ವ ಹೋದಾಗ ತವರಿನಿಂದ ನಾನು ಕೇಳಿ ತಂದದ್ದು ಈ ಚಕ್ರವೊಂದನ್ನೇ.

ಇಷ್ಟನ್ನೂ ಸೊಸೆಗೆ ಹೇಳುವಷ್ಟರಲ್ಲಿ ಒಲೆಯ ಮೇಲಿದ್ದ ಅನ್ನ ತಳ ಹಿಡಿದಿತ್ತು. ಅವಳು ಚಕ್ರವನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು.

“ಹಲ್ಲು ಯಾಕತ್ತೀ ಎಲ್ಲಾ ಒಂದ ಕಡಿ ಬಾಗ್ಯಾವು?”

ನಾನು ತೆಗೆದುಕೊಂಡು ಹೆಬ್ಬೆರಳಿನಿಂದ ಸವರಿದೆ. ಹೌದು. ಇಷ್ಟು ವರ್ಷ ದಿನಾ ತೊಳೆದಿದ್ದೇನೆ. ಸವೆದದ್ದು ನಾನು ತಿಕ್ಕುವ ಬೂದಿ, ಹುಣಸೆಹಣ್ಣಿನಿಂದ ಎಂದೇ ತಿಳಿದಿದ್ದೆ. ತಿಕ್ಕಿದರೆ ಎಲ್ಲ ಕಡೆಯೂ ಸವೆಯಬೇಕು. ಇವು ಒಂದೇ ಬದಿಗೆ ಕೊರೆದು, ಒಂದೇ ದಿಕ್ಕಿಗೆ ಚೂಪಾಗಿ ಬಾಗಿವೆ, ಸುತ್ತಲೂ, ಒಂದೂ ಬಿಡದೆ. ಚೈನು ಎಳೆದು ಎಳೆದು ಹೀಗಾದದ್ದು. ಕುರುಗೋಡಿನಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಸಿರುಗುಪ್ಪಕ್ಕೆ, ಬೇವಿನ ಗಿಡವನ್ನೂ ನೋಡದೆ ತುಳಿದ ಎರಡು ಕಾಲುಗಳ ಗುರುತು.

ಸೊಸೆ ನನ್ನ ಮುಖ ನೋಡಿದಳು. ಒಂದು ಹಳೆಯ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹೊಸ ಕಲ್ಲಿನ ಮೇಲೆ ಹಾಸಿದಳು. ಅದರ ಮೇಲೆ ಚಕ್ರವನ್ನಿಟ್ಟಳು.

“ಈಗ ಇಳಿಸ್ರಿ,” ಎಂದಳು.

ಇಳಿಸಿದೆ.