ವರ್ಲೀನಳ ಬಿಸಿಗಾಳಿ ಕಿಂಡಿಗಳು

ವರ್ಲೀನ್‌ಗೆ ಬೆಂಕಿಯೆಂದರೆ ಜೀವಭಯ. ಪ್ರತಿವರ್ಷ ಸಕ್ಕರೆ ಬೀಟ್ ಕೊಯ್ಲಿಗೆಂದು ನಾವೆಲ್ಲ ನಾರ್ತ್ ಡಕೋಟಾಕ್ಕೆ ಬಂದು ಮನೆಗಾಡಿಗಳಲ್ಲಿ ಬೀಡುಬಿಡುತ್ತೇವೆ. ಹೋದ ಸಲ ನಮ್ಮ ಸಾಲಿನ ಒಂದು ಗಾಡಿ ಅವಳ ಕಣ್ಣೆದುರೇ ಸುಟ್ಟುಹೋಗಿತ್ತು. ಹೀಟರ್‌ನ ಬಿಸಿಗಾಳಿ ಹೊರಬರುವ ನೆಲದ ಕಿಂಡಿಗಳಲ್ಲಿ ಕಸ ಬಿದ್ದರೆ ತನ್ನ ಗಾಡಿಯೂ ಹತ್ತಿಕೊಳ್ಳುತ್ತದೆಂದು ಅಂದಿನಿಂದ ಅವಳಿಗೆ ನಡುಕ. ಕಸ ಒಳಗಿಳಿಯದಂತೆ ಪ್ರತಿ ಕಿಂಡಿಯ ಜಾಲರಿಯ ಕೆಳಗೂ ಹಳೆಯ ನೈಲಾನ್ ಕಾಲುಚೀಲ ಬಿಗಿದಳು. ಸಾಲದೆಂದು ಅದರ ಮೇಲೆ ಇನ್ನೊಂದು. ನಾನು ಪಕ್ಕದ ಗಾಡಿಯವಳು. ಕಾಫಿಗೆ ಹೋದರೆ ಬಾಗಿಲಲ್ಲೇ ಬೂಟು ಬಿಚ್ಚಿಸಿ, ಪ್ಯಾಂಟಿನ ಮಡಿಕೆಯನ್ನೂ ಕೊಡವಿಸುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊದಲ ಹಿಮ ಬಿದ್ದ ಸಂಜೆ ಹೀಟರ್ ಹಾಕಿದಳು. ಸ್ವಲ್ಪ ಹೊತ್ತಿಗೆಲ್ಲ ಚೀರುತ್ತ ಬರಿಗಾಲಲ್ಲಿ ಹೊರಗೋಡಿ ಬಂದಳು.

"ಸುಟ್ಟ ವಾಸನೆ! ಬನ್ರೋ, ಯಾರಾದ್ರೂ ಬನ್ರೋ!"

ನನ್ನ ಗಂಡ ಆರ್ಲೋ ಒಳನುಗ್ಗಿ, ಹೀಟರ್ ಆರಿಸಿ, ಜಾಲರಿ ಕಿತ್ತ. ಕಾಲುಚೀಲದ ಮೇಲೆ ಅವಳ ನಾಯಿಯ ಕೂದಲು, ಧೂಳು ಕಂಬಳಿಯಷ್ಟು ದಪ್ಪಗೆ ಕಟ್ಟಿತ್ತು.

"ಬೆಂಕಿಗಿಂಕಿ ಏನಿಲ್ಲ ಮಾರಾಯ್ತಿ. ಗಾಳಿ ಹೊರಗೆ ಬರೋಕೆ ದಾರೀನೇ ಬಿಟ್ಟಿಲ್ವಲ್ಲೇ! ಹೀಟರ್ ಕಾದು ಕೆಂಡ ಆಗಿದೆ. ಇನ್ನೊಂಚೂರು ಬಿಟ್ಟಿದ್ರೆ ನೀನೇ ಕೊಳ್ಳಿ ಇಟ್ಟಂಗಾಗ್ತಿತ್ತು."

ವರ್ಲೀನ್ ಎಲ್ಲ ಕಾಲುಚೀಲಗಳನ್ನೂ ತಾನೇ ಬಿಚ್ಚಿಹಾಕಿದಳು.

ಬೆಳಿಗ್ಗೆ ನೋಡಿದರೆ ಅವಳ ಗಾಡಿ ಒಳಗೆಲ್ಲ ಬೆಚ್ಚಗಾಗಿ ಕಿಟಕಿಗಾಜಿಗೆ ಹಬೆ ಕಟ್ಟಿತ್ತು. ವರ್ಲೀನ್ ಮಾತ್ರ ಹೊರಗೆ ಹಿಮದಲ್ಲಿ ನಿಂತು ಟೋಸ್ಟ್ ತಿನ್ನುತ್ತಿದ್ದಳು, ಪುಡಿ ಉದುರದಂತೆ ಗಲ್ಲದಡಿ ಅಂಗೈ ಒಡ್ಡಿಕೊಂಡು.