ಜಾಡಿಯ ಕಂಠದ ನೀರು

ಹೋದ ತಿಂಗಳು ಗ್ಯಾರೇಜು ಖಾಲಿ ಮಾಡುವಾಗ ನನ್ನ ಹೆಂಡತಿ ಮೂಲೆಯಲ್ಲಿದ್ದ ಕಂದು ಜಾಡಿಯ ಮುಚ್ಚಳ ತೆಗೆದಳು. ಒಂಬತ್ತು ವರ್ಷಗಳಿಂದ ಅದರಲ್ಲಿ ಏನೂ ಇರಲಿಲ್ಲ. ಆದರೂ ವಾಸನೆ ಬಂತು. ಹುಳಿಯಾದ ಕೋಸು, ಉಪ್ಪು, ಜೀರಿಗೆಗೂ ಸೋಂಪಿಗೂ ನಡುವಿನ ಯಾವುದೋ ಕಾಳಿನ ಘಾಟು… ಬಂತು ಎಂದು ನನಗನ್ನಿಸಿತು ಎನ್ನುವುದೇ ಸರಿ. ಹೆಂಡತಿಗೆ ಬರೀ ಧೂಳು ಮೂಗಿಗೆ ಹೊಡೆಯಿತಂತೆ.

"ಇದನ್ನ ಇನ್ನೂ ಇಟ್ಕೊಂಡಿದೀರಲ್ಲ ರೀ! ನನ್ನ ಇಡ್ಲಿ ಸ್ಟ್ಯಾಂಡ್ ಮಾತ್ರ ಕಣ್ಮುಚ್ಕೊಂಡು ಹಳೇ ಸಾಮಾನಿನ ಆಪ್ ಶಾಪಿಗೆ ದಾನ ಮಾಡಿದ್ರಿ" ಎಂದಳು.

ಏಳು ವರ್ಷದ ಮಗ ಜಾಡಿಯೊಳಗೆ ತಲೆ ಹಾಕಿ, "ಅಪ್ಪಾ, ಇಟ್ ಸ್ಮೆಲ್ಸ್ ಲೈಕ್ ಸಾಕ್ಸ್" ಎಂದ. ಸದ್ಯ, ಸಾಕ್ಷಿಗೆ ಒಬ್ಬನಾದರೂ ಸಿಕ್ಕಿದ.

ಅದೇ ವಾರ ನೆಲ್ಸನ್ ಊರಿನಿಂದ ಒಂದು ಇಮೇಲ್ ಬಂದಿತ್ತು. ಬರೆದವರು ಆ ಜಾಡಿಯ ಒಡತಿಯ ಮಗಳು. "ಅಮ್ಮ ಇದ್ದಿದ್ದರೆ ಬರುವ ವಸಂತಕ್ಕೆ ನೂರು ತುಂಬುತ್ತಿತ್ತು. ಮೊಮ್ಮಕ್ಕಳಿಗಾಗಿ ಎಲ್ಲರ ನೆನಪುಗಳನ್ನು ಸೇರಿಸಿ ಒಂದು ಪುಸ್ತಕ ಮಾಡುತ್ತಿದ್ದೇವೆ. ಆ ಶನಿವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವಳ ಹತ್ತಿರ ಇದ್ದವನು ನೀನೊಬ್ಬನೇ. ಆ ಒಂದು ಗಂಟೆ ನಮಗೆ ಯಾರಿಗೂ ಗೊತ್ತಿಲ್ಲ. ನೆನಪಿದ್ದಷ್ಟು ಬರೆದು ಕಳಿಸು."

ಆ ಒಂದು ಗಂಟೆಯಲ್ಲಿ ನಾನು ಮಾಡಿದ್ದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ.

ಈಗ ಆಕ್ಲೆಂಡಿನ ಮೌಂಟ್ ಆಲ್ಬರ್ಟಿನಲ್ಲಿದ್ದೇವೆ. ಈ ದೇಶಕ್ಕೆ ನಾನು ಒಬ್ಬನೇ ಬಂದು ಇಳಿದದ್ದು ನೆಲ್ಸನ್ನಿನಲ್ಲಿ. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದ್ದ ನನಗೆ ಸೇಬು ಪ್ಯಾಕ್ ಮಾಡುವ ಒಂದು ಕಂಪನಿಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಬಾಡಿಗೆಗೆ ಹಿಡಿದದ್ದು ಒಬ್ಬ ಜರ್ಮನ್ ಮುದುಕಿಯ ಹಿತ್ತಲಿನ ಕೋಣೆ. ಮಕ್ಕಳು, ಮೊಮ್ಮಕ್ಕಳು, ಅಂಚೆಯವನು, ಎಲ್ಲರೂ ಅವರನ್ನು ಓಮಾ ಎನ್ನುತ್ತಿದ್ದರು. ಜರ್ಮನಿಯವರು ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ನಾನೂ ಹಾಗೇ ಕರೆದೆ. ಅವರು ನನ್ನನ್ನು ಪ್ರೊಫೆಸರ್ ಎಂದರು. ಹೊಗಳಿಕೆಯಲ್ಲ ಅದು.

ಯುದ್ಧ ಮುಗಿದು ಕೆಲವು ವರ್ಷಕ್ಕೆ, ಗಂಡನ ಜೊತೆ ಕೈಗೂಸನ್ನೆತ್ತಿಕೊಂಡು ಹಡಗಿನಲ್ಲಿ ಬಂದವರು ಅವರು. ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯ ತೋಟಗಳಲ್ಲಿ, ಹೊಗೆಸೊಪ್ಪಿನ ಹೊಲಗಳಲ್ಲಿ ಇಬ್ಬರೂ ದುಡಿದರು. ಅಂಗಡಿಯಲ್ಲಿ ಜರ್ಮನ್ ಕೇಳಿಸಿದರೆ ಜನ ಬೆನ್ನು ತಿರುಗಿಸುತ್ತಿದ್ದ ಕಾಲ. ಅದಕ್ಕೇ ಓಮಾ ಒಂದು ಕಾನೂನು ಮಾಡಿದ್ದರು. ಗೇಟಿನ ಒಳಗೆ ಜರ್ಮನ್, ಹೊರಗೆ ಇಂಗ್ಲಿಷ್. ಮಕ್ಕಳು ಕಾನೂನಿನ ಎರಡನೆಯ ಅರ್ಧವನ್ನು ಎಷ್ಟು ಚೆನ್ನಾಗಿ ಪಾಲಿಸಿದರೆಂದರೆ, ಕೊನೆಗೆ ಗೇಟಿನ ಒಳಗೂ ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದರು. ಇದನ್ನು ಅವರು ಹೇಳಿದಾಗ ನಾನು ನಕ್ಕಿದ್ದೆ. ಆಗ ನನಗೆ ಮಗನಿರಲಿಲ್ಲ.

ಗಂಡ ಹೋದ ಮೇಲೆ ಮನೆಯನ್ನು ಅವರೇ ಆಳಿದರು. ಆಳಿದರು ಎಂಬ ಮಾತೇ ಸರಿ. ಭಾನುವಾರ ಮೂರೂವರೆಗೆ ಕಾಫಿ ಮತ್ತು ಪ್ಲಮ್ ಹಣ್ಣಿನ ಕೇಕು. ಮೂವರು ಮಕ್ಕಳೂ ಸಂಸಾರ ಸಮೇತ ಹಾಜರಿರಬೇಕು. ಯಾರಾದರೂ ಬರದಿದ್ದರೆ ಅವರ ಕುರ್ಚಿಯನ್ನು ಖಾಲಿ ಇಟ್ಟು, ಇಡೀ ಮಧ್ಯಾಹ್ನ ಆ ಕುರ್ಚಿಗೇ ಬೈಯುತ್ತಿದ್ದರು. ಬಂದವರು ತಲೆ ತಗ್ಗಿಸಿ ಕೇಕು ತಿನ್ನುತ್ತಿದ್ದರು. ಚಳಿಗಾಲದ ಬೆಳಿಗ್ಗೆಯೂ ನನ್ನ ಕೋಣೆಗೆ ನುಗ್ಗಿ ಕಿಟಕಿ ತೆಗೆದು, "ಏಳು ಪ್ರೊಫೆಸರ್, ನಿನ್ನ ಕೋಣೆ ಕುರಿದೊಡ್ಡಿಯ ಹಾಗೆ ನಾರುತ್ತಿದೆ" ಎನ್ನುವರು.

ಜಾಡಿ ಹೊರಗೆ ಬರುತ್ತಿದ್ದುದು ಕೋಸಿನ ಕಾಲದಲ್ಲಿ. ಕೋಸನ್ನು ಎಳೆ ಎಳೆಯಾಗಿ ಹೆಚ್ಚಿ, ಉಪ್ಪು ಬೆರೆಸಿ, ನೀರು ಬಿಡುವ ತನಕ ಮುಷ್ಟಿಯಿಂದ ಗುದ್ದಿ, ಮೇಲೆ ಕಲ್ಲು ಹೇರಿ ಹುಳಿಗಿಡುತ್ತಿದ್ದರು. ಜಾಡಿಯ ಕಂಠದ ಸುತ್ತ ಬೆರಳಗಲದ ಒಂದು ಕಾಲುವೆಯಿದೆ. ಅದರಲ್ಲಿ ನೀರು ತುಂಬಿ, ಮುಚ್ಚಳದ ಅಂಚು ಆ ನೀರಿನಲ್ಲಿ ಮುಳುಗುವಂತೆ ಕೂರಿಸಬೇಕು. ಒಳಗಿನ ಗಾಳಿ ಗುಳುಗುಳು ಎಂದು ಹೊರಬರುತ್ತದೆ, ಹೊರಗಿನ ಗಾಳಿ ಒಳಹೋಗುವುದಿಲ್ಲ. ನೀರು ಆರಿದರೆ ಎಲ್ಲ ಕೆಟ್ಟಿತು. ನಾನು ಒಮ್ಮೆ ಅಲ್ಲಿ ಯಾವ ಬ್ಯಾಕ್ಟೀರಿಯಾ ಏನು ಮಾಡುತ್ತದೆಂದು ವಿವರಿಸಿದೆ. "ಅವಕ್ಕೆ ಹೆಸರಿದೆ ಅಂತ ನಮ್ಮಮ್ಮನಿಗೆ ಗೊತ್ತಿರಲಿಲ್ಲ. ಪಾಪ, ಅವಕ್ಕೂ ಗೊತ್ತಿರಲಿಲ್ಲ. ಆದರೂ ಕೆಲಸ ಮಾಡುತ್ತಿದ್ದವು" ಎಂದರು.

ಅವರು ಮಗನ ಊರಿಗೆ ಹೋದಾಗ ನೀರು ಹಾಕುವುದು ನನ್ನ ಪಾಲಿಗೆ ಬಂತು. ದಿನಾ ಫೋನು ಮಾಡುವರು. ಬಾಗಿಲು ಹಾಕಿದೆಯಾ, ಒಲೆ ಆರಿಸಿದೆಯಾ, ಏನೂ ಇಲ್ಲ. "ನೀರು ಹಾಕಿದೆಯಾ, ಪ್ರೊಫೆಸರ್?" ಅಷ್ಟೇ. ಒಂದು ಸಲ ನಾಲ್ಕು ದಿನ ಮರೆತೆ. ಫೋನಿನಲ್ಲಿ ಹಾಕಿದೆ ಎಂದೆ. ವಾಪಸು ಬಂದು ಮುಚ್ಚಳ ತೆಗೆದು ನೋಡಿದರು. ಮೇಲೆಲ್ಲ ಬೂಸ್ಟು. ಎರಡು ಬಕೆಟ್ ಕೋಸನ್ನು ಗೊಬ್ಬರದ ಗುಂಡಿಗೆ ಸುರಿದು ಬಂದು ಹೇಳಿದರು: "ಮರೆತದ್ದಕ್ಕೆ ಬೈಯುವುದಿಲ್ಲ. ಹಾಕಿದೆ ಅಂದೆಯಲ್ಲ." ಆಮೇಲೆ ಮೂರು ದಿನ ಮಾತಿಲ್ಲ. ನನ್ನ ಕಿಟಕಿ ಮಾತ್ರ ಬೆಳಿಗ್ಗೆ ತಪ್ಪದೆ ತೆರೆಯುತ್ತಿತ್ತು.

ನಾನು ಅಲ್ಲಿದ್ದ ನಾಲ್ಕನೆಯ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು, ನುಂಗುವ ಶಕ್ತಿಯೂ ಹೋಯಿತು. ಹೆಚ್ಚೆಂದರೆ ಒಂದೆರಡು ವಾರ ಎಂದು ಡಾಕ್ಟರು ಮನೆಯವರಿಗೆ ಹೇಳಿದ್ದರು. ಹಾಸಿಗೆಯ ಮೇಲ್ಗಡೆ ಬೋರ್ಡು ಹಾಕಿದ್ದರು. ಬಾಯಿಗೆ ಏನನ್ನೂ ಕೊಡಬಾರದು. ಕೊಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ತುಟಿ ಒಣಗಿದರೆ ಕಡ್ಡಿಯ ತುದಿಯ ಸ್ಪಂಜಿನಿಂದ ಒದ್ದೆ ಮಾಡಬಹುದು, ಅಷ್ಟೇ. ಹಗಲೂ ರಾತ್ರಿ ಕೂತಿದ್ದ ಮಗಳು ಶನಿವಾರ ಮಧ್ಯಾಹ್ನ, "ಸ್ನಾನ ಮಾಡಿ ಬರುತ್ತೇನೆ, ಒಂದು ಗಂಟೆ ಕೂತಿರುತ್ತೀಯಾ?" ಎಂದರು.

ಕೂತೆ. ಓಮಾ ಕಣ್ಣು ತೆರೆದರು. ಟ್ರಾಲಿಯ ಮೇಲೆ ಮಗಳು ಅರ್ಧ ಕುಡಿದು ಬಿಟ್ಟಿದ್ದ ನೀರಿನ ಲೋಟವಿತ್ತು. ಅವರ ಕಣ್ಣು ಲೋಟದ ಕಡೆ ಹೋಯಿತು. ಎಡಗೈ ಎದ್ದಿತು… ನನ್ನ ನೆನಪು ಹಾಗೆ ಹೇಳುತ್ತದೆ. ನಾನು ಸ್ಪಂಜು ತೆಗೆದುಕೊಳ್ಳಲಿಲ್ಲ. ಚಮಚದಲ್ಲಿ ನೀರು ಕೊಟ್ಟೆ. ಒಂದು ಚಮಚ ಇಳಿಯಿತು. ಎರಡನೆಯದೂ ಇಳಿಯಿತು. ಮೂರನೆಯದಕ್ಕೆ ಕೆಮ್ಮು ಬಂತು. ಮುಖ ಕೆಂಪಾಯಿತು. ನಾನು ಬಾಯಿ ಒರೆಸಿ, ಚಮಚವನ್ನು ಡ್ರಾಯರಿನಲ್ಲಿ ಹಾಕಿ ಮುಚ್ಚಿದೆ. ಮಗಳು ಕೂದಲು ಒದ್ದೆಯಿರುವಾಗಲೇ ಓಡಿ ಬಂದು, ಬಾಗಿಲಲ್ಲೇ ನಿಂತು, "ಎದ್ದಿದ್ದಳಾ? ಏನಾದರೂ ಬೇಕು ಅಂದಳಾ?" ಎಂದರು.

"ಇಲ್ಲ, ನಿದ್ದೆ ಮಾಡುತ್ತಿದ್ದರು" ಎಂದೆ.

ಭಾನುವಾರ ಜ್ವರ ಬಂತು. ಎದೆಯಲ್ಲಿ ಕಫ ಕಟ್ಟಿತು. ಮಂಗಳವಾರ ಬೆಳಿಗ್ಗೆ ಹೋದರು. ಅವರ ಕಡೆ ಸತ್ತವರ ಕೋಣೆಯ ಕಿಟಕಿ ತೆರೆಯುವ ಪದ್ಧತಿ. ಆಸ್ಪತ್ರೆಯ ಕಿಟಕಿ ಒಂದು ಗೇಣಿಗಿಂತ ಹೆಚ್ಚು ತೆರೆಯಲಿಲ್ಲವಂತೆ. ಮನೆ ಖಾಲಿ ಮಾಡುವಾಗ ಮಗಳು ಜಾಡಿಯನ್ನು ನನಗೆ ಕೊಟ್ಟರು. "ನೀರು ಹಾಕುತ್ತಿದ್ದವನು ನೀನು. ನಿನಗೇ ಇರಲಿ." ನಾನು ತೆಗೆದುಕೊಂಡೆ. ಥ್ಯಾಂಕ್ಸ್ ಕೂಡ ಹೇಳಿದೆ.

ಇದನ್ನು ಬರೆಯಲು ಕೂತಾಗ ಇನ್ನೊಂದು ತೊಡಕು ಕಂಡಿತು. ನನಗೆ ನೆನಪಿರುವ ಆ ಲೋಟದಲ್ಲಿ ಒಂದು ತುಳಸಿ ಎಲೆ ತೇಲುತ್ತಿದೆ. ನೆಲ್ಸನ್ನಿನ ಆಸ್ಪತ್ರೆಗೆ ತುಳಸಿ ಎಲ್ಲಿಂದ ಬರಬೇಕು? ಅದು ಮೈಸೂರಿನದು. ನಾನು ಕಾಲೇಜಿಗೆ ಸೇರಿದ ವರ್ಷ ನಮ್ಮಜ್ಜಿ ಹೋಗುವಾಗ ಮನೆಯವರೆಲ್ಲ ಸಾಲಾಗಿ ಬಾಯಿಗೆ ತುಳಸಿ ನೀರು ಬಿಟ್ಟರು. ಸಾಯುವವರಿಗೆ ನೀರು ನೆತ್ತಿಗೇರಿಸಿ ಕೊಲ್ಲುತ್ತೀರಿ ಎಂದು ಜಗಳ ಮಾಡಿದ ವಿಚಾರವಾದಿ ನಾನು. ಕೊನೆಗೆ ಅಮ್ಮ ಗದರಿದ್ದಕ್ಕೆ ನಾನೂ ಬಿಟ್ಟೆ, ಮೂರು ಸಲ. ಹಾಗಾದರೆ ಓಮಾಗೆ ಕೊಟ್ಟದ್ದು ನಿಜವಾಗಿ ಮೂರು ಚಮಚವೇ? ಎಲೆ ಸುಳ್ಳಾದರೆ, ಲೆಕ್ಕ ಸುಳ್ಳಾದರೆ, ಆ ಎಡಗೈ? ಅದು ಎದ್ದಿತ್ತೇ? ಅವರು ನೀರು ಕೇಳಿದರೇ, ಇಲ್ಲ ಸಾಯುವವರನ್ನು ಕಂಡ ಕೂಡಲೇ ನಮ್ಮ ಮನೆಯ ಕೈ ತಾನಾಗಿ ಚಮಚಕ್ಕೆ ಹೋಯಿತೇ? ಅವರು ಕೇಳಿ ನಾನು ಕೊಟ್ಟಿದ್ದರೆ ಒಂದು ಮಾತು. ಕೇಳದೆ ಕೊಟ್ಟಿದ್ದರೆ…

"ಶಾಂತವಾಗಿ ಮಲಗಿದ್ದರು" ಎಂದು ಒಂದು ಪುಟ ಬರೆದು ಅಳಿಸಿದೆ. ಮತ್ತೆ ಬರೆದು ಮತ್ತೆ ಅಳಿಸಿದೆ.

"ಅವ್ರು ಕೇಳಿರೋದು ಬುಕ್ಕಿಗೆ ರೀ, ಕೋರ್ಟಿಗಲ್ಲ. ಚೆನ್ನಾಗಿ ನಾಲ್ಕು ಲೈನ್ ಬರ್ದು ಕಳ್ಸಿ" ಎಂದಳು ಹೆಂಡತಿ. ಆಗ ಎಲ್ಲ ಹೇಳಿದೆ. ಅವಳು ಹಿಚುಕುತ್ತಿದ್ದ ಅವರೆಕಾಳು ಕೈಯಲ್ಲೇ ಉಳಿಯಿತು. "ಬಾಯಿಗೆ ನೀರು ಬಿಡೋದು ನಮ್ಮಲ್ಲಿ ಪುಣ್ಯ ಅಂತಾರೆ. ಅವರಲ್ಲಿ ಏನಂತಾರೋ ನಂಗೊತ್ತಿಲ್ಲ. ಬರೀಬೇಡಿ, ಫೋನ್ ಮಾಡಿ" ಎಂದಳು.

ಭಾನುವಾರ ಮಾಡಿದೆ. ಎಲೆಯ ವಿಷಯವನ್ನೂ ಬಿಡದೆ ಹೇಳಿದೆ. "ಅವರು ಕೇಳಿದರು ಅಂತ ನನ್ನ ನೆನಪು. ಆದರೆ ನನ್ನ ನೆನಪನ್ನು ನಂಬಬೇಡಿ" ಎಂದೆ.

ಆ ಕಡೆ ಕೆಟಲ್ ಕುದಿದು ತಾನಾಗಿ ಆರಿದ ಸದ್ದು ಕೇಳಿಸಿತು.

"ನುಂಗಿದಳಾ?"

"ನುಂಗಿದರು. ಕೊನೆಯದಕ್ಕೆ ಕೆಮ್ಮಿದರು."

"ಆ ಶನಿವಾರ ಬೆಳಿಗ್ಗೆ ನನ್ನ ತೋಳು ಹಿಡಿದು ಜಗ್ಗಿದಳು. ಲೋಟ ನೋಡಿದಳು, ನನ್ನನ್ನು ನೋಡಿದಳು. ನಾನು ಬೋರ್ಡು ತೋರಿಸಿದೆ. ಹೆತ್ತ ತಾಯಿಗೆ ಬೋರ್ಡು ತೋರಿಸಿದೆ." ಮುಂದುವರಿಸಿದರು: "ಅಮ್ಮ ಬಾಯಾರಿಯೇ ಸತ್ತಳು ಅಂದುಕೊಂಡು ಒಂಬತ್ತು ವರ್ಷ ಬದುಕಿದ್ದೇನೆ."

"ನಾನು ಕೊಟ್ಟ ನೀರಿನಿಂದಲೇ ಜ್ವರ ಬಂದಿರಬಹುದು" ಎಂದೆ.

"ಇರಬಹುದು." ಅಲ್ಲ ಎನ್ನಲಿಲ್ಲ ಅವರು. "ಆವತ್ತೇ ಹೇಳಿದ್ದರೆ ನಿನಗೆ ಬೈಯುತ್ತಿದ್ದೆನೋ ಏನೋ. ಬೈದು, ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದೆ. ನಾನು ಬಾಗಿಲಲ್ಲಿ ನಿಂತು ಕೇಳಿದೆನಲ್ಲ. ನಿದ್ದೆ ಮಾಡುತ್ತಿದ್ದರು ಅಂದೆಯಲ್ಲ."

ಕೊನೆಗೆ, "ಬರೆದು ಕಳಿಸು" ಎಂದರು. "ನಿನಗೆ ನೆನಪಿರುವ ಹಾಗೇ ಬರೆ. ಆ ಎಲೆಯನ್ನೂ ಸೇರಿಸಿ." ಫೋನು ಇಟ್ಟರು.

ಬರೆದು ಕಳಿಸಿ ಎರಡು ವಾರವಾಯಿತು. ಉತ್ತರ ಬಂದಿಲ್ಲ. ಬರಬೇಕೆಂದೇನೂ ಇಲ್ಲ. ನೀರಿನ ಬಗ್ಗೆ ಇಷ್ಟು ವರ್ಷ ತಲೆ ಕೆಡಿಸಿಕೊಂಡೆ. ಅವರು ಕೇಳಿದರೋ ಇಲ್ಲವೋ ಎಂಬುದು ನನಗೆ ಇನ್ನು ತಿಳಿಯುವುದಿಲ್ಲ. ಬಾಗಿಲಲ್ಲಿ ನಾನು ಆಡಿದ ಮಾತಿನಲ್ಲಿ ಮಾತ್ರ ಯಾವ ಸಂಶಯವೂ ಇಲ್ಲ. ಅದರ ಒಂದೊಂದು ಅಕ್ಷರವೂ ನೆನಪಿದೆ.

ಜಾಡಿಯನ್ನು ತೊಳೆದು ಅಡಿಗೆಮನೆಗೆ ತಂದಿದ್ದೇನೆ. ಎರಡು ಕೋಸು ಹೆಚ್ಚಿ, ಉಪ್ಪು ಹಾಕಿ ಗುದ್ದಿ ತುಂಬಿದೆ. ಮಗ ಶಾಲೆಗೆ ಹೊರಡುವ ಮುಂಚೆ ಕಿವಿಯಿಟ್ಟು ಗುಳುಗುಳು ಕೇಳುತ್ತಾನೆ. ಇವತ್ತು ಬೆಳಿಗ್ಗೆ ನೋಡಿದರೆ ಕಂಠದ ಕಾಲುವೆ ಅರ್ಧ ಆರಿತ್ತು. ಲೋಟದಿಂದ ಸುತ್ತಲೂ ನೀರು ಹಾಕಿದೆ. ಹಾಕಿ, ಒಂದು ಗಳಿಗೆ ಫೋನಿನ ಕಡೆ ನೋಡಿದೆ. ಹಾಕಿದೆಯಾ ಎಂದು ಕೇಳುವವರು ಈಗ ಯಾರೂ ಇಲ್ಲ.