ನಮ್ಮ ಗೇಟಿನ ಹತ್ತಿರದ ಐದನೇ ಸ್ಥಳ

ಒಂದು ದೇವರ ಮೇಲೆ ಸಿಟ್ಟು ಮಾಡ್ಕೋಬೇಕಾದ್ರೆ ಆ ದೇವರಿಗೆ ನಡ್ಕೊಳ್ಳೋರೇ ಆಗಿರಬೇಕು ಅಂತ ಏನಾದ್ರೂ ಕಾನೂನಿದೆಯಾ? ಇಲ್ಲ ತಾನೆ? ಹಾಗಾಗಿ ಬಣಕಲ್ ಹತ್ತಿರ ನಾಲ್ಕೆಕರೆ ಕಾಫಿ ಇಟ್ಕೊಂಡಿರೋ ಈ ರಂಗನಾಥ ಗೌಡ ಹತ್ತು ವರ್ಷದಿಂದ ಏಸುಸ್ವಾಮಿ ಮೇಲೆ ಸಿಟ್ಟಾಗಿದ್ದೆ. ಕಾರಣ ಇನಾಸ್.

ಇನಾಸ್ ಅಂದ್ರೆ ಇನಾಸ್ ಲೋಬೊ, ನಮ್ಮೂರ ಬಡಗಿ. ಒಂದನೇ ಕ್ಲಾಸಿಂದ ಏಳನೇ ಕ್ಲಾಸಿನವರೆಗೆ ನಾವಿಬ್ರೂ ಒಂದೇ ಬೆಂಚು. ಅವನು ನನ್ನನ್ನ "ರಂಗಾ" ಅಂತಾನೆ. ಸಿಟ್ಟು ನೆತ್ತಿಗೇರಿದಾಗ ಮಾತ್ರ "ಗೌಡ್ರೇ, ನೀವು" ಅಂತ ಬಹುವಚನಕ್ಕೆ ಏರ್ತಾನೆ. ಇಷ್ಟು ವರ್ಷದಲ್ಲಿ ಹಾಗೆ ಅಂದಿದ್ದು ಎರಡೇ ಸಲ. ಮೊದಲನೇದು ಅವನು ಮಾಡಿಕೊಟ್ಟ ಬೀಟೆ ಬಾಗಿಲಿಗೆ ನಾನು ಹಸಿರು ಪೇಂಟ್ ಹೊಡೆಸಿದಾಗ. ಎರಡನೇದೇ ಈಗ ಹೇಳ್ತಿರೋ ಕಥೆ.

ಅವನಿಗೆ ಬಂದಷ್ಟು ಕಷ್ಟ ನನಗೆ ಬಂದಿದ್ರೆ ಹೊರನಾಡಿಗೆ ಹೋಗಿ ಅಮ್ಮನವರ ಎದುರೇ ನ್ಯಾಯ ಕೇಳ್ತಿದ್ದೆ. ಮೊದಲು ಅವನ ಹೆಂಡತಿ ಫಿರ್ಮಿನಾಗೆ ಕ್ಯಾನ್ಸರ್. ಎರಡು ವರ್ಷ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಕರ್ಕೊಂಡು ಹೋದ, ಹತ್ತಿಸಿ ಕರ್ಕೊಂಡು ಬಂದ. ಉಳೀಲಿಲ್ಲ. ಚಿನ್ನದಂಥ ಹೆಂಗಸು, ನಮ್ಮ ಮನೆಗೂ ಕ್ರಿಸ್‌ಮಸ್‌ಗೆ ಡಬ್ಬಿ ತುಂಬ ಕುಸ್ವಾರ್ ತಿಂಡಿ ಕಳಿಸೋಳು. ಆಮೇಲೆ ಒಂದು ಆಗಸ್ಟಲ್ಲಿ ಗುಡ್ಡ ಜರಿದು ಇವನ ಶೆಡ್ಡು, ಶೆಡ್ಡಿನೊಳಗಿನ ಮಿಷನ್ನು, ಹಿಂದಿದ್ದ ಅರ್ಧ ಎಕರೆ ತೋಟ ಎಲ್ಲ ಹಳ್ಳದ ಪಾಲಾಯ್ತು. ನಾನು ಎದ್ದೆನೋ ಬಿದ್ದೆನೋ ಅಂತ ಓಡಿಹೋದ್ರೆ ಈ ಮಹಾರಾಯ ಮೊಣಕಾಲುದ್ದ ಕೆಸರಲ್ಲಿ ನಿಂತು ಏನೋ ತಡಕಾಡ್ತಿದ್ದ. "ರಂಗಾ, ಅಪ್ಪನ ಉಳಿ ಸಿಕ್ತು ಮಾರಾಯ!" ಅಂತ ಹಲ್ಲು ಬಿಟ್ಟ. ಶೆಡ್ಡಿಗೆ ಶೆಡ್ಡೇ ಹೋಗಿದೆ, ಉಳಿ ಹಿಡ್ಕೊಂಡು ನಗ್ತಾನೆ! ಅವನ ಬೆನ್ನಿಗೇ ಎರಡು ಬಿಡೋಣ ಅನಿಸ್ತು ನನಗೆ.

ಅದೂ ಸಾಲ್ಲಿಲ್ಲ ಅಂತ ಎರಡು ವರ್ಷದ ಹಿಂದೆ ಲಕ್ವ ಹೊಡೀತು. ಎಡಗೈಯ ಹಿಡಿತ ಹೋಯ್ತು, ಎಡಗಾಲು ಎಳ್ಕೊಂಡು ನಡೀಬೇಕು. ಆಸ್ಪತ್ರೆ ಮಂಚದ ಮೇಲೆ ಬಾಯಿ ಓರೆಯಾಗಿ ಮಲಗಿದ್ದವನು ನನ್ನನ್ನ ನೋಡಿ ಮೊದಲು ಆಡಿದ ಮಾತು ಏನು ಗೊತ್ತಾ? "ಗರಗಸ ಹಿಡಿಯೋದು ಬಲಗೈ ತಾನೆ, ಇರ್ಲಿ ಬಿಡು."

ಇವನೇನೋ ಇರ್ಲಿ ಬಿಡು ಅಂದ. ನನಗೆ ಬಿಡೋಕಾಗ್ಬೇಕಲ್ಲ? ಅವತ್ತು ಬಸ್ಸಿಳಿದು ಸೀದಾ ಚರ್ಚಿಗೆ ನುಗ್ಗಿದೆ. ಒಳಗೆ ಯಾರೂ ಕಾಣ್ಲಿಲ್ಲ. ಶಿಲುಬೆ ಮೇಲಿದ್ದವನ ಎದುರು ನಿಂತು ಕೇಳಿಯೇ ಬಿಟ್ಟೆ. "ಅಲ್ಲಯ್ಯಾ, ಇಲ್ಲಿನ ಬೆಂಚು ಅವನು ಮಾಡಿದ್ದು, ಬಾಗಿಲು ಅವನು ಮಾಡಿದ್ದು, ನಿನ್ನ ಬೆನ್ನ ಹಿಂದಿರೋ ಮರಾನೂ ಅವನೇ ಕೆತ್ತಿದ್ದು. ನೀನೂ ಬಡಗಿ ಮನೆಯಲ್ಲೇ ಬೆಳೆದವನಂತೆ. ಒಬ್ಬ ಬಡಗಿ ಕೈ ಉಳಿಸೋಕಾಗ್ಲಿಲ್ವಾ ನಿನಗೆ?" ಕೂಗಿ ಕೂಗಿ ನನಗೇ ಕಣ್ಣಲ್ಲಿ ನೀರು ಬಂತು. ಕಂಬದ ಹಿಂದೆ ಸಿಸ್ಟರ್ ಒಬ್ರು ಹೂವಿಡ್ತಾ ಇದ್ದದ್ದು ನಾನು ನೋಡ್ಲೇ ಇಲ್ಲ. ವಾರದೊಳಗೆ ಬಣಕಲ್ ತುಂಬ ಸುದ್ದಿ, ಗೌಡ್ರು ಚರ್ಚಲ್ಲಿ ಕಣ್ಣೀರು ಹಾಕ್ಕೊಂಡು ಪ್ರಾರ್ಥನೆ ಮಾಡಿದ್ರಂತೆ ಅಂತ! ನನ್ನ ಹೆಂಡತಿ ಕೃಷ್ಣಮ್ಮ ಮೂರು ದಿನ ಮುಖ ಕೊಟ್ಟು ಮಾತಾಡ್ಲಿಲ್ಲ. "ನಾನು ಬೈದಿದ್ದು ಕಣೇ" ಅಂದ್ರೆ ನಂಬಬೇಕಲ್ಲ.

ಈಗ ಆ ಎರಡನೇ ಸಲದ ಕಥೆಗೆ ಬರ್ತೀನಿ. ಗುಡ್ ಫ್ರೈಡೇ ಬೆಳಿಗ್ಗೆ ನಮ್ಮಲ್ಲಿನ ಕ್ರಿಶ್ಚಿಯನ್ನರು ಚರ್ಚಿಂದ ಹೊರಟು ಗುಡ್ಡದ ತುದಿವರೆಗೆ ಶಿಲುಬೆ ಹಾದಿ ನಡೀತಾರೆ. ಏಸು ಶಿಲುಬೆ ಹೊತ್ತು ಹೋದ ದಾರಿಯ ನೆನಪಿಗೆ ಹದಿನಾಲ್ಕು ಸ್ಥಳ. ಒಂದೊಂದು ಸ್ಥಳದಲ್ಲೂ ನಿಂತು, ಅಲ್ಲಿ ಏನಾಯ್ತು ಅಂತ ಓದಿ, ಮೊಣಕಾಲೂರಿ ಎದ್ದು ಮುಂದೆ ಹೋಗೋದು. ಐದನೇ ಸ್ಥಳ ನಮ್ಮ ತೋಟದ ಗೇಟಿನ ಪಕ್ಕದಲ್ಲೇ ಬರುತ್ತೆ. ಬೇರೆ ಊರುಗಳಲ್ಲಿ ಶಿಲುಬೆಯನ್ನ ಸರದಿ ಮೇಲೆ ಹೊರ್ತಾರಂತೆ. ನಮ್ಮಲ್ಲಿ ಸರದಿ ಇಲ್ಲ, ಇನಾಸ್ ಇದ್ದಾನೆ. ಹೊನ್ನೆ ಮರದಲ್ಲಿ ಅವನೇ ಮಾಡಿದ ಎಂಟಡಿ ಶಿಲುಬೆ, ಹಸಿ ಕಾಫಿಹಣ್ಣಿನ ಚೀಲದಷ್ಟು ಭಾರ. ಮೂವತ್ತೊಂದು ವರ್ಷ ಒಬ್ಬನೇ ಹೊತ್ತಿದ್ದಾನೆ, ತುದಿ ಮುಟ್ಟೋಕೂ ಯಾರಿಗೂ ಬಿಟ್ಟವನಲ್ಲ. ಫಿರ್ಮಿನಾ ಇದ್ದಾಗ ನೀರಿನ ಬಾಟ್ಲಿ ಹಿಡ್ಕೊಂಡು ಹಿಂದೆಯೇ ನಡೀತಿದ್ಲು. ಅವಳು ತೀರಿಕೊಂಡ ವರ್ಷವೂ ಹೊತ್ತ. ಲಕ್ವ ಹೊಡೆದ ಮೇಲೆ ಹೋದ ವರ್ಷವೂ ಹೊತ್ತ, ಮೇಲೆ ಮುಟ್ಟೋ ಹೊತ್ತಿಗೆ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಈ ವರ್ಷ ಡಾಕ್ಟ್ರು ಖಡಾಖಂಡಿತವಾಗಿ ಹೇಳಿದ್ರು, ಭಾರ ಎತ್ತಿದ್ರೆ ಇನ್ನೊಂದು ಸಲ ಹೊಡೀಬಹುದು, ಆಗ ಏಳೋದು ಕಷ್ಟ ಅಂತ.

ಇನಾಸ್ ಡಾಕ್ಟ್ರಿಗೂ "ಇರ್ಲಿ ಬಿಡಿ" ಅಂದು ಬಂದ.

ಚರ್ಚಿಗೆ ಹೊಸದಾಗಿ ಬಂದ ಫಾದರ್ ಐವನ್ ಇನ್ನೂ ಮೂವತ್ತು ದಾಟದವರು, ಪಾಪ. ನಮ್ಮ ಜಗಲಿಯಲ್ಲಿ ಕೂತು, "ಗೌಡ್ರೇ, ನೀವಾದ್ರೂ ಹೇಳಿ ನೋಡಿ" ಅಂದ್ರು. "ಹೇಳಿದ್ರೆ ಕೇಳೋ ಆಸಾಮಿ ಅಲ್ಲ ಫಾದರ್, ಉಪಾಯ ಮಾಡ್ಬೇಕು" ಅಂದೆ. ಉಪಾಯ ನನ್ನದೇ, ಒಪ್ಕೋತೀನಿ. ನಮ್ಮ ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಮರ ಒಂದು ಒಣಗಿತ್ತು, ಒಣಗಿದ್ರೆ ಹಗುರ. ಮೂಡಿಗೆರೆಯ ಬಡಗಿ ಸುರೇಂದ್ರನ ಕೈಲಿ ಗುಟ್ಟಾಗಿ ಅದೇ ಅಳತೆಯ ಶಿಲುಬೆ ಮಾಡಿಸಿ, ಅದೇ ಕಂದು ಪಾಲಿಶ್ ಹೊಡೆಸಿದೆ. ಗುಡ್ ಫ್ರೈಡೇಗೆ ಎರಡು ದಿನ ಮುಂಚೆ ಅದನ್ನ ಚರ್ಚಿನ ಹಿಂದಿನ ಕೋಣೆಯಲ್ಲಿಟ್ಟು, ಹೊನ್ನೆ ಶಿಲುಬೆಯನ್ನ ನಮ್ಮ ಗೋಡೌನಿಗೆ ಸಾಗಿಸಿ ಕಾಫಿ ಚೀಲ ಮುಚ್ಚಿದೆ. ಫಾದರ್ ಯಾರಾದ್ರೂ ನೋಡಿದ್ರಾ ಅಂತ ಕಿಟಕಿ ಕಿಟಕಿಗೂ ಹೋಗಿ ಇಣುಕ್ತಿದ್ರು. ನನಗೆ ಮಾತ್ರ ಏನೋ ದೊಡ್ಡ ಕೆಲಸ ಗೆದ್ದ ಖುಷಿ.

ಐವತ್ತು ವರ್ಷ ಮರದ ಜೊತೆ ಬಾಳಿದವನ ಮೂಗಿಗೆ ಸಿಲ್ವರ್ ಯಾವುದು ಹೊನ್ನೆ ಯಾವುದು ಅಂತ ಗೊತ್ತಾಗಲ್ವಾ? ಅಷ್ಟೂ ಬುದ್ಧಿ ನನಗೆ ಓಡ್ಲಿಲ್ಲ ನೋಡಿ. ಗುರುವಾರ ಸಂಜೆ ಪೂಜೆಗೆ ಮುಂಚೆ ಕೋಣೆಗೆ ಇಣುಕಿದವನು ಬಾಗಿಲಲ್ಲೇ ನಿಂತು ಮೂಸಿದನಂತೆ. ಯಾರಿಗೂ ಏನೂ ಹೇಳ್ಲಿಲ್ಲ. ಆ ಗುರುವಾರ ಪಾದ್ರಿ ಹನ್ನೆರಡು ಜನರ ಕಾಲು ತೊಳೆಯೋ ಪದ್ಧತಿ ಅವರಲ್ಲಿ, ಏಸು ತನ್ನ ಶಿಷ್ಯರ ಕಾಲು ತೊಳೆದನಲ್ಲ, ಅದಕ್ಕೆ. ಹನ್ನೆರಡರಲ್ಲಿ ಇನಾಸನೂ ಒಬ್ಬ. ಫಾದರ್ ಸೊಂಟಕ್ಕೆ ಟವೆಲ್ ಕಟ್ಕೊಂಡು, ಇವನ ಮುಂದೆ ಮಂಡಿಯೂರಿ, ಆ ಸೋತ ಎಡಗಾಲನ್ನ ಕೈಯಲ್ಲಿ ಹಿಡ್ಕೊಂಡಾಗ ಇವನು ಬಗ್ಗಿ ಮೆಲ್ಲಗೆ ಕೇಳಿದ.

"ಫಾದರ್, ನನ್ನ ಶಿಲುಬೆ ಎಲ್ಲಿಟ್ರಿ?"

ಅಂಥಾ ಹೊತ್ತಲ್ಲಿ ಯಾವ ಪಾದ್ರಿ ಸುಳ್ಳು ಹೇಳ್ತಾರೆ ಹೇಳಿ? "ಗೌಡ್ರ ಗೋಡೌನಲ್ಲಿದೆ, ಚೀಲದ ಕೆಳಗೆ" ಅಂತ ಉಸುರಿ, ಕಾಲು ಒರೆಸಿ, ಪಕ್ಕದವರ ಕಾಲಿಗೆ ಹೋದ್ರಂತೆ. ಅವತ್ತಿನ ದಿನವೇ ಏಸುವಿನ ಒಬ್ಬ ಶಿಷ್ಯ ಗುರುವನ್ನ ಶತ್ರುಗಳಿಗೆ ಹಿಡ್ಕೊಟ್ಟಿದ್ದು ಅಂತಾರೆ. ನನ್ನ ಪಾಲಿಗೆ ಗುರುವೇ ಹಿಡ್ಕೊಟ್ರು.

ಪೂಜೆ ಮುಗಿದ ಕೂಡ್ಲೇ ಇನಾಸ್ ಆಟೋ ಮಾಡ್ಕೊಂಡು ಬಂದು ನಮ್ಮ ಅಂಗಳದಲ್ಲಿ ನಿಂತ.

"ಗೌಡ್ರೇ, ನನ್ನ ಸಾಮಾನು ಕೊಡಿ."

ಗೌಡ್ರೇ ಅಂತ ಕೇಳಿದ್ದೇ ಗುಟ್ಟು ರಟ್ಟಾಗಿದೆ ಅಂತ ಗೊತ್ತಾಯ್ತು. ಆದ್ರೂ ಬಿಡ್ಲಿಲ್ಲ. "ಕೊಡಲ್ಲ. ನಿನಗೆ ತಲೆ ನೆಟ್ಟಗಿದೆಯಾ? ಡಾಕ್ಟ್ರು ಏನಂದ್ರು?"

"ನೀವು ಡಾಕ್ಟ್ರ ಗುಮಾಸ್ತರಾ?"

"ಇನಾಸ್, ಕೇಳು. ಫಿರ್ಮಿನಾ ಉಳೀಲಿ ಅಂತ ನೀನು ಮಂಡಿ ಸವೆಯೋ ಹಾಗೆ ಬೇಡ್ಕೊಂಡೆ. ನಿನ್ನ ದೇವರು ಕೊಟ್ನಾ? ಶೆಡ್ಡು ತಗೊಂಡ, ಕೈ ತಗೊಂಡ. ಬೇಡಿದ್ದು ಯಾವುದನ್ನೂ ಕೊಡದ ದೇವರಿಗೆ ನೀನ್ಯಾಕೆ ಬೆನ್ನು ಮುರ್ಕೋಬೇಕು ಮಾರಾಯ?"

ಅವನು ಸೀದಾ ಗೋಡೌನಿಗೆ ನಡೆದು ಚೀಲದ ರಾಶಿ ಮೇಲೆ ಕೂತ್ಕೊಂಡ. ಸೋತ ಎಡಗೈಯನ್ನ ಮಡಿಲಿಗೆ ಎತ್ತಿಟ್ಕೊಂಡು ಹೇಳಿದ. "ಇವತ್ತಿನ ದಿನವೇ ಏಸುವೂ ಬೇಡ್ಕೊಂಡಿದ್ದು. ಅಪ್ಪಾ, ನಾಳೆ ಬರೋದನ್ನ ತಪ್ಪಿಸು ಅಂತ. ಬೆವರೆಲ್ಲ ರಕ್ತ ಆಗೋ ಹಾಗೆ ಬೇಡ್ಕೊಂಡ. ಸ್ವಂತ ಮಗನಿಗೇ ಕೊಡ್ಲಿಲ್ಲ ಅವನಪ್ಪ. ಬಣಕಲ್ ಇನಾಸನಿಗೆ ಕೊಡ್ಲಿಲ್ಲ ಅಂತ ನಾನು ಯಾವ ಬಾಯಲ್ಲಿ ಕೇಳ್ಲಿ? ಕೊಡದೇ ಇದ್ರೂ ಅವನು ಎದ್ದು ನಡೆದನಲ್ಲ, ನನಗೆ ಅಷ್ಟು ಸಾಕು."

ನಾನು ಶಿಲುಬೆ ಮೇಲಿನ ಒಂದು ಚೀಲ ಎತ್ತಿ ಮತ್ತೆ ಅಲ್ಲೇ ಹಾಕಿದೆ.

"ಇನ್ನೊಂದು ಮಾತು," ಅಂದ. "ವರ್ಷವಿಡೀ ಜನ ನನ್ನ ರಟ್ಟೆ ಹಿಡ್ಕೊಂಡು ನಡೆಸ್ತಾರೆ. ಬಸ್ಸು ಹತ್ತಿಸ್ತಾರೆ, ಅಂಗಿ ಗುಂಡಿ ಹಾಕ್ತಾರೆ. ಒಂದು ದಿನ, ಒಂದೇ ದಿನ ನಾನು ಏನನ್ನಾದ್ರೂ ಹೊರ್ತೀನಿ. ಅದನ್ನೂ ನೀವು ಕದ್ರೆ ನಾನು ಬರೀ ರೋಗಿ, ಗೌಡ್ರೇ."

ಕೊಟ್ಟೆ. ಇನ್ನೇನು ಮಾಡ್ಲಿ? ಆಟೋದ ಎರಡೂ ಕಡೆ ಮೊಳದುದ್ದ ಶಿಲುಬೆ ಚಾಚ್ಕೊಂಡಿತ್ತು, ಹೋಗೋ ರಭಸಕ್ಕೆ ನಮ್ಮ ದಾಸವಾಳದ ಗಿಡ ಅರ್ಧ ಸವರಿಕೊಂಡು ಹೋಯ್ತು. "ನಾಳೆ ಸತ್ರೆ ನಾನು ಬರಲ್ಲ ನೋಡು!" ಅಂತ ಹಿಂದಿಂದ ಕೂಗಿದೆ. ಒಳಗೆ ಹೋಗಿ ಊಟ ಬೇಡ ಅಂದೆ. ಅವನು ಇಲ್ಲದ ಬಣಕಲ್ ನೆನೆಸ್ಕೊಂಡ್ರೇ ನನಗೆ ಭಯ, ಅದನ್ನ ಬೈಗುಳದಲ್ಲಿ ಬಿಟ್ರೆ ಬೇರೆ ಹೇಗೆ ಹೇಳೋದು ಅಂತ ನನಗೆ ಬರಲ್ಲ.

ಶುಕ್ರವಾರ ಬೆಳಿಗ್ಗೆ ಬೇಕಂತಲೇ ತೋಟಕ್ಕೆ ಹೋದೆ. ಕಾಫಿ ಹೂ ಉದುರಿ ಎರಡನೇ ನೀರು ಕೊಡೋ ಸಮಯ, ಸ್ಪ್ರಿಂಕ್ಲರ್ ಪೈಪು ಜಾಗ ಬದಲಿಸೋ ಕೆಲಸ ಇತ್ತು. ಮೊಣಕಾಲ ಮೇಲೆ ಕಟ್ಟಿದ ಪಂಚೆ, ಕೆಸರಾದ ಗಮ್ ಬೂಟು, ತಲೆಯಿಂದ ನೀರು ಸೋರ್ತಿದೆ. ಅವತ್ತು ಅವರು ಗಂಟೆ ಬಾರಿಸಲ್ಲ, ಮರದ ಹಲಗೆ ಬಡೀತಾರೆ. ಆ ಟಕಟಕ ಹತ್ತಿರ ಬಂತು. ನೋಡಬಾರದು ಅಂದ್ಕೊಂಡೇ ಗೇಟಿನವರೆಗೆ ಬಂದೆ.

ಇನಾಸನ ಬಲ ಹೆಗಲ ಮೇಲೆ ಹೊನ್ನೆ ಶಿಲುಬೆ, ಎಡಗಾಲು ಟಾರಲ್ಲಿ ಗೆರೆ ಎಳೀತಿದೆ. ಐದನೇ ಸ್ಥಳ ಇನ್ನು ನಾಲ್ಕು ಹೆಜ್ಜೆ ಅನ್ನೋವಾಗ ಆ ಕಾಲು ಮಡಚಿತು. ಮೊಣಕಾಲ ಮೇಲೆ ಬಿದ್ದ. ಶಿಲುಬೆ ಅವನ ಬೆನ್ನ ಮೇಲೆಯೇ ಒರಗಿತು. ಜನ "ಅಯ್ಯೋ" ಅಂದ್ರು, ನಾಲ್ಕು ಜನ ಮುಂದೆ ಬಂದ್ರು. ಅವನು ತಲೆ ಅಲ್ಲಾಡಿಸಿದ, ಅವರು ಅಲ್ಲಿಗೇ ನಿಂತ್ರು. ಮೂವತ್ತೊಂದು ವರ್ಷದ ಅಭ್ಯಾಸ ನೋಡಿ. ಫಾದರ್ ಐವನ್‌ಗೆ ಏನು ಮಾಡೋದು ತಿಳೀಲಿಲ್ಲ, ಪುಸ್ತಕ ತೆಗೆದು ಓದೋಕೆ ಶುರು ಮಾಡಿದ್ರು. ಸಿರೇನ್ ಊರಿನ ಸಿಮೋನ ಅನ್ನೋನು ಹೊಲದಿಂದ ಬರ್ತಿದ್ದನಂತೆ, ಸೈನಿಕರು ಅವನನ್ನ ಹಿಡಿದು ಏಸುವಿನ ಶಿಲುಬೆ ಹೊರಿಸಿದ್ರಂತೆ.

ಓದು ಮುಗೀತು. ಇನಾಸ್ ತಲೆಯೆತ್ತಿ ಗೇಟಿನ ಕಡೆ ನೋಡಿದ.

"ರಂಗಾ."

ನಾನು ಹೆಗಲ ಮೇಲಿದ್ದ ಪೈಪನ್ನ ಇನ್ನೊಂದು ಹೆಗಲಿಗೆ ಬದಲಿಸಿದೆ.

"ಕೇಳಿಸ್ತಾ? ಹೊಲದಿಂದ ಬರ್ತಿದ್ದವನನ್ನ ಹಿಡಿದ್ರಂತೆ. ಇಲ್ಲಿರೋರೆಲ್ಲ ಸ್ನಾನ ಮಾಡಿ ಬಂದವರು. ಕೆಸರು ಮೆತ್ತಿಕೊಂಡವನು ನೀನೊಬ್ಬನೇ ಮಾರಾಯ. ಬಾ, ಹಿಡಿ."

ಪೈಪು ಅಲ್ಲೇ ಬಿಸಾಡಿ ಹೋದೆ. ಶಿಲುಬೆಯ ಬಾಲ ಎತ್ತಿ ಹೆಗಲಿಗಿಟ್ಕೊಂಡೆ. ಅಬ್ಬಬ್ಬಾ, ಏನು ಭಾರ! ಇದನ್ನ ಈ ಪಾಪಿ ಒಬ್ಬನೇ ಹೊತ್ತನಾ ಇಷ್ಟು ವರ್ಷ! ಮುಂದೆ ಅವನು, ಹಿಂದೆ ನಾನು, ಬೂಟಿನೊಳಗಿನ ನೀರು ಹೆಜ್ಜೆ ಹೆಜ್ಜೆಗೂ ಪಚಕ್ ಪಚಕ್. ಭಕ್ತಿಯಿಂದ ಹಾಡ್ತಿದ್ದ ಹೆಂಗಸರಲ್ಲಿ ಇಬ್ರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದು ನಾನು ನೋಡಿದೀನಿ. ಎಲ್ಲಿ ಮಂಡಿಯೂರಬೇಕು ಎಲ್ಲಿ ಏಳಬೇಕು ಗೊತ್ತಿಲ್ಲ, ಅವರು ಎದ್ದಾಗ ನಾನು ಊರ್ತಿದ್ದೆ. ಒಂಬತ್ತನೇ ಸ್ಥಳದಲ್ಲಿ, ಏಸು ಮೂರನೇ ಸಲ ಬೀಳ್ತಾನೆ ಅಂತ ಓದಿದ್ರು. "ಇನ್ನು ಬೀಳ್ಬೇಡ ಕಣಯ್ಯಾ, ಸಾಕು" ಅಂತ ಜೋರಾಗೇ ಅಂದ್ಬಿಟ್ಟೆ. ಏಸುಗೆ ಅಂದ್ನೋ ಇನಾಸನಿಗೆ ಅಂದ್ನೋ ನನಗೇ ಗೊತ್ತಿಲ್ಲ.

ಹನ್ನೊಂದನೇ ಸ್ಥಳದ ಹತ್ತಿರ ಹಿಂದಿಂದ ಏದುಸಿರು ಕೇಳಿಸ್ತು. ಕೃಷ್ಣಮ್ಮ! ನೀರು ಬಿಟ್ಟು ಬಿಟ್ಟು ತೋಟದ ದಾರಿಯೆಲ್ಲ ಹಳ್ಳ ಆಗಿತ್ತಂತೆ, ಬೈಯೋಕೆ ಅಂತಲೇ ಗುಡ್ಡ ಹತ್ತಿ ಬಂದಿದ್ಲು. ನಮ್ಮಿಬ್ಬರ ಅವತಾರ ನೋಡಿದವಳು ಬೈಗುಳ ನುಂಗಿಕೊಂಡ್ಲು. "ಮೋಟರ್ ಆಫ್ ಮಾಡಿದೀನಿ" ಅಂತಷ್ಟೇ ಅಂದು, ಯಾರದೋ ಕೈಯಿಂದ ನೀರಿನ ಬಾಟ್ಲಿ ಇಸ್ಕೊಂಡು ಹಿಂದೆ ನಡೆದು ಬಂದ್ಲು.

ಗುಡ್ಡದ ತುದಿಯಲ್ಲಿ ಶಿಲುಬೆ ಇಳಿಸೋಕೆ ಮುಂಚೆ ಇನಾಸ್ ತಿರುಗಿ, ಬಾಟ್ಲಿ ಹಿಡ್ಕೊಂಡು ನಿಂತ ಕೃಷ್ಣಮ್ಮನ್ನ ನೋಡಿದ. ಅವನ ಮುಖ ಹೋದ ವರ್ಷದ ಹಾಗೆ ಬೂದಿ ಬಣ್ಣ ಆಗಿರಲಿಲ್ಲ, ಕೆಂಪಗಿತ್ತು.

"ಐದನೇ ಸ್ಥಳದಲ್ಲಿ ಮೂವತ್ತೊಂದು ವರ್ಷ ಸುಳ್ಳು ಓದಿಸಿದೆ ಕಣೋ ರಂಗಾ," ಅಂದ. "ಏಸು ಇನ್ನೊಬ್ಬನ ಹೆಗಲಿಗೆ ಕೊಟ್ಟ. ನಾನು ಕೊಡ್ಲೇ ಇಲ್ಲ. ಫಿರ್ಮಿನಾ ಪ್ರತಿ ವರ್ಷ ಕೇಳೋಳು, ಸ್ವಲ್ಪ ಹಿಡೀಲಾ ಅಂತ."

ಹೆಂಡತಿ ಹೋದಾಗ, ಶೆಡ್ಡು ಹೋದಾಗ, ಕೈ ಹೋದಾಗ ಅಳದವನು ಅಲ್ಲಿ ಬಿಕ್ಕಿ ಬಿಕ್ಕಿ ಅತ್ತ. ನಾನು ಬೈಲಿಲ್ಲ. ಕೃಷ್ಣಮ್ಮ ಬಾಟ್ಲಿಯ ಮುಚ್ಚಳ ತೆಗೆದು ಅವನ ಬಲಗೈಗೆ ಕೊಟ್ಲು. ಅವನು ಕುಡಿದು ಮುಗಿಸೋವರೆಗೆ ಶಿಲುಬೆಯ ಪೂರ್ತಿ ಭಾರ ನಾನೇ ಹಿಡ್ಕೊಂಡು ನಿಂತಿದ್ದೆ.